ಎಡಗಡೆಯ ಮಾತು

ರಸ್ತೆ ದಾಟುವಾಗ ನಾನು ಈಗಲೂ ಬಾಯಿಬಿಟ್ಟು ಹೇಳುತ್ತೇನೆ: "ಎಡಕ್ಕ ಖಾಲಿ ಐತಿ." ಜೊತೆಯಲ್ಲಿ ಯಾರಾದರೂ ಇರಲೇಬೇಕೆಂದಿಲ್ಲ. ಸಿಂಧನೂರಿನ ಬಸ್ ಸ್ಟ್ಯಾಂಡಿನ ಮುಂದೆ ನಿಲ್ಲುವ ಆಟೋದವರು ಇದನ್ನು ಕೇಳಿ ಕೇಳಿ ನಗುವುದನ್ನೂ ಬಿಟ್ಟಿದ್ದಾರೆ. ನನ್ನ ಹೆಂಡತಿ ಮಾತ್ರ "ಯಾರಿಗೆ ಹೇಳಾಕತ್ತೀರಿ?" ಎಂದು ಪ್ರತಿ ಸಲವೂ ಕೇಳುತ್ತಾಳೆ. ಭಾಯ್‌ಗೆ ಎಂದರೆ ಅವಳು ಹೆದರುತ್ತಾಳೆ. ಹೇಳುವುದನ್ನೇ ಬಿಟ್ಟರೆ ನಾನು ಹೆದರುತ್ತೇನೆ. ಹಾಗಾಗಿ ಅವಳ ಕೈ ಹಿಡಿದುಕೊಂಡು ರಸ್ತೆ ದಾಟುತ್ತೇನೆ.

ಭಾಯ್ ನಮ್ಮ ಫುಟ್‌ಬಾಲ್ ತಂಡದ ಹಿರಿಯ ಆಟಗಾರ. ಹಗಲು ಅಕ್ಕಿ ಗಿರಣಿಯಲ್ಲಿ ಮಷೀನು ನಡೆಸುತ್ತಿದ್ದ, ಸಂಜೆ ನಮ್ಮ ಡಿಫೆನ್ಸಿನ ನಟ್ಟನಡುವೆ ನಿಲ್ಲುತ್ತಿದ್ದ. ಗಿರಣಿಯ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು ಅವನದು. ಗುಟ್ಟು ಹೇಳಿದರೂ ಪಕ್ಕದ ಓಣಿಗೆ ಕೇಳಿಸುತ್ತಿತ್ತು. ನಾನು ತಂಡಕ್ಕೆ ಸೇರಿದಾಗ ಅವನಿಗೆ ಮದುವೆಯಾಗಿತ್ತು, ನನಗೆ ಇನ್ನೂ ಸರಿಯಾಗಿ ಮೀಸೆಯೂ ಮೂಡಿರಲಿಲ್ಲ.

ನಮ್ಮದು ಗಂಜ್ ಮಾರುಕಟ್ಟೆಯ ಹತ್ತಿರ ಬೀಜ-ಗೊಬ್ಬರದ ಅಂಗಡಿ. ಅಪ್ಪ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೂತರೆ ಗಿರಾಕಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತು, ಮನೆಗೆ ಬಂದರೆ ಅದೂ ಇಲ್ಲ. ಆ ಮನೆಯಲ್ಲಿ ಬೆಳೆದ ನನಗೆ ಬಾಯಿ ಇರುವುದು ಊಟಕ್ಕೆ ಎಂದೇ ತಿಳಿವಳಿಕೆ. ಅಂಗಡಿಯ ಹಿಂದಿನ ಓಣಿಯ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಸುಮ್ಮನೆ ಓಡಿದರೆ ಸಾಕು, ಮಾತಾಡಬೇಕಾಗಿಲ್ಲ ಅನ್ನುವುದೇ ನನಗೆ ಆ ಆಟದಲ್ಲಿ ಹಿಡಿಸಿದ ಸಂಗತಿ. ಹೀಗೆ ಮೂಗನಂತೆ ಹೋಗಿ ಸೇರಿಕೊಂಡೆ.

ಕಾಲುವೆಯ ನೀರು ನಿಂತ ಮೇಲೆ, ಭತ್ತ ಕೊಯ್ದ ಗದ್ದೆ ಒಣಗಿ ಗಟ್ಟಿಯಾಗುತ್ತದಲ್ಲ, ಆಗ ಗೊರೇಬಾಳದ ರಸ್ತೆಯ ಪಕ್ಕದ ಒಂದು ಗದ್ದೆಯೇ ನಮ್ಮ ಮೈದಾನ. ಕೂಳೆ ಚುಚ್ಚಿ ಕಾಲು ರಕ್ತವಾಗುತ್ತಿತ್ತು. ಹಿರಿಯರಿಗೆ ಬೂಟು, ನಮಗೆ ಅವರು ಬಿಟ್ಟ ಬೂಟು. ಚೆಂಡಿಗೆ ಗಾಳಿ ಹೊಡೆಯುವುದು, ನೀರು ತರುವುದು, ಕಾಲುವೆಗೆ ಬಿದ್ದ ಚೆಂಡನ್ನು ಇಳಿದು ತರುವುದು ಎಲ್ಲ ನಮ್ಮ ಪಾಲಿಗೆ. ಅದಕ್ಕೆ ನಮ್ಮದೇನೂ ತಕರಾರಿರಲಿಲ್ಲ. ಎಲ್ಲ ಊರಿನ ಎಲ್ಲ ತಂಡಗಳಲ್ಲೂ ಸಣ್ಣವರ ಪಾಡು ಅಷ್ಟೇ.

ನಮ್ಮ ತಂಡದ್ದೇ ಆದ ಪದ್ಧತಿ ಬೇರೆ ಒಂದಿತ್ತು. ಮೈದಾನದಲ್ಲಿ ಸಣ್ಣವರು ಬಾಯಿ ತೆರೆಯುವಂತಿಲ್ಲ. ಪಾಸ್ ಕೊಡು ಎನ್ನುವಂತಿಲ್ಲ, ಹಿಂದೆ ಒಬ್ಬ ಬಂದ ಎಂದು ಎಚ್ಚರಿಸುವಂತೆಯೂ ಇಲ್ಲ. ಹಿರಿಯರು ಹೇಳಬೇಕು, ಸಣ್ಣವರು ಓಡಬೇಕು. ಬಾಯಿ ಬಿಟ್ಟವನಿಗೆ ಆಟ ಮುಗಿದ ಮೇಲೆ 'ಗೋಡೆ'. ಅಂದರೆ, ಕೈ ಹಿಂದೆ ಕಟ್ಟಿಕೊಂಡು ಗೋಲಿನ ಗೆರೆಯ ಮೇಲೆ ಗೋಡೆಯ ಹಾಗೆ ನಿಲ್ಲಬೇಕು. ಹಿರಿಯರು ಹತ್ತಿರದಿಂದ ಒಬ್ಬೊಬ್ಬರಾಗಿ ಚೆಂಡು ಒದೆಯುತ್ತಾರೆ. ಅಲುಗಿದರೆ ಮತ್ತೆ ಮೊದಲಿನಿಂದ ಶುರು.

ಈ ಪದ್ಧತಿಯ ಮಾಲೀಕರು ಉಸ್ತಾದ್. ತಂಡ ಕಟ್ಟಿದವರೇ ಅವರು. ನಾನು ಸೇರುವ ಹೊತ್ತಿಗೆ ಮೊಣಕಾಲು ಕೆಟ್ಟು ಆಟ ಬಿಟ್ಟಿದ್ದರು. ಆದರೂ ದಿನಾ ಬಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅವರಿಗೆ ಚಹಾ ತಂದುಕೊಡುವವನು ಭಾಯ್. ಅಷ್ಟು ದೊಡ್ಡ ಆಟಗಾರ ಚಹಾದ ಗ್ಲಾಸು ಹಿಡಿದು ಬಗ್ಗಿ ನಿಲ್ಲುವುದನ್ನು ನೋಡಿದಾಗ ನನಗೆ ಹಿರಿತನ ಎಂದರೆ ಇದೇ ಇರಬೇಕು ಅನ್ನಿಸುತ್ತಿತ್ತು.

ನನ್ನನ್ನು ಎಡ ಮೂಲೆಯ ಡಿಫೆನ್ಸಿಗೆ ಹಾಕಿದ ದಿನವೇ ಭಾಯ್ ನನ್ನ ಹತ್ತಿರ ಬಂದು, ಪೂರ್ತಿ ಮುಖ ತಿರುಗಿಸಿ ನನ್ನನ್ನು ನೋಡಿದ.

"ಛೋಟ್ಯಾ, ನನ್ನ ಎಡಕ್ಕ ನಿಂತವ ಸುಮ್ನಿರಬಾರ್ದು. ಮಾತಾಡ್ತಾ ಇರಬೇಕು."

"ಏನು ಮಾತಾಡ್ಲಿ ಭಾಯ್?"

"ಕಂಡದ್ದು ಹೇಳು. ಯಾರು ಬರಾಕತ್ಯಾರ, ಎಲ್ಲಿ ಖಾಲಿ ಐತಿ, ನೀ ಎಲ್ಲಿ ಅದೀ. ಬಾಯಿ ನಿಂತ್ರ ನೋಡು ಮತ್ತ!"

ಸಣ್ಣವರ ಬಾಯಿಗೆ ಬೀಗ ಹಾಕಿದ ತಂಡದಲ್ಲಿ ನನ್ನೊಬ್ಬನ ಬೀಗ ತೆಗೆದ. ಅದೂ ತಂಡದಲ್ಲೇ ಅತಿ ಮೂಗನಾದವನದು. ಇದು ನನ್ನನ್ನು ಗೋಳು ಹುಯ್ದುಕೊಳ್ಳುವ ಹೊಸ ಬಗೆ ಎಂದೇ ನಾನು ತಿಳಿದೆ. ಬೇರೆಯವರೂ ಹಾಗೆಯೇ ತಿಳಿದರು. ನಾನು ನಾಚುತ್ತ "ಎಡಕ್ಕ ಒಬ್ಬ ಬರಾಕತ್ತಾನ ಭಾಯ್" ಎಂದು ಗೊಣಗಿದರೆ ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ರೇಡಿಯೋ ಎಂದು ಹೆಸರಿಟ್ಟರು. ದನಿ ಸ್ವಲ್ಪ ತಗ್ಗಿದರೆ ಸಾಕು, ಬಲಗಡೆಯಿಂದ ಗುಡುಗು ಬರುತ್ತಿತ್ತು: "ಮಾತಾಡು ಲೇ!" ಆ ಮನುಷ್ಯನನ್ನು ನಾನು ಆಗ ದ್ವೇಷಿಸುತ್ತಿದ್ದೆ. ಊಟಕ್ಕೆ ಕೂತಾಗಲೂ ಹಲ್ಲು ಕಡಿಯುತ್ತಿದ್ದೆ.

ಉಸ್ತಾದರಿಗೆ ಇದು ಸೇರಲಿಲ್ಲ. ಒಂದು ಸಂಜೆ ಆಟ ಮುಗಿದ ಮೇಲೆ ಕುರ್ಚಿಯಿಂದಲೇ ಬೆರಳು ಮಾಡಿದರು. "ಆ ರೇಡಿಯೋದವ್ನ ಗೋಡೆ ನಿಲ್ಲಸ್ರಿ. ಭಾಳ ಬಾಯಿ ಬಂದೈತಿ."

ನಾನು ಹೋಗಿ ಗೆರೆಯ ಮೇಲೆ ನಿಂತೆ. ಮಾತಾಡು ಎಂದದ್ದು ಭಾಯ್, ಶಿಕ್ಷೆ ನನಗೆ ಎಂದು ಒಳಗೇ ಬೈದುಕೊಂಡೆ. ಮೊದಲ ಚೆಂಡು ಇಡುತ್ತಿದ್ದಾಗ ಭಾಯ್ ಮೈದಾನದ ಆ ತುದಿಯಿಂದ ನಡೆದು ಬಂದು ನನ್ನ ಮುಂದೆ ನಿಂತ. ಕೈ ಹಿಂದೆ ಕಟ್ಟಿಕೊಂಡ. ಅವನ ಬೆನ್ನು ಬಿಟ್ಟು ನನಗೇನೂ ಕಾಣಿಸದು. ಹಿಂದೆ ಕಟ್ಟಿದ ಆ ಕೈಗಳ ಬೆರಳು ನಡುಗುತ್ತಿದ್ದವು. ಮಷೀನಿನ ಬೆಲ್ಟಿಗೆ ಕೈ ಹಾಕಲು ಹೆದರದ ಮನುಷ್ಯನ ಬೆರಳು ಒಂದು ಚೆಂಡಿಗೆ ಯಾಕೆ ನಡುಗಬೇಕು ಎಂದು ನನಗೆ ಅರ್ಥವಾಗಲಿಲ್ಲ.

"ಸರಿಲೇ ಬಾಜೂಕ," ಎಂದರು ಉಸ್ತಾದ್.

"ಒದೀರಿ ಉಸ್ತಾದ್. ನಿಂತೀನಲ್ಲ," ಎಂದ ಭಾಯ್. ಗಟ್ಟಿಯಾಗಿದ್ದ ದಿನಗಳಲ್ಲಿ ಅವನು ಮೆಲ್ಲಗೆ ಆಡಿದ ಮಾತು ನಾನು ಕೇಳಿದ್ದು ಅದೊಂದೇ ಇರಬೇಕು.

ಯಾರೂ ಒದೆಯಲಿಲ್ಲ. ಉಸ್ತಾದ್ ಬಹಳ ಹೊತ್ತು ಅವನ ಮುಖವನ್ನೇ ನೋಡಿದರು ಎಂದು ಆಮೇಲೆ ಗೆಳೆಯರು ಹೇಳಿದರು. ಕೊನೆಗೆ "ನಡೀರಿ, ಹೊತ್ತಾತು" ಎಂದು ಎದ್ದುಹೋದರಂತೆ. ಅವತ್ತಿನಿಂದ ನಾನು ಮಾತಾಡುವುದಕ್ಕೆ ಯಾರದೂ ಅಡ್ಡಿಯಿರಲಿಲ್ಲ. ಭಾಯ್ ಮೇಲಿನ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ಹಾಗೇ ಇಟ್ಟುಕೊಂಡೆ.

ಆ ಇನ್ನರ್ಧ ಇಳಿದದ್ದು ಲಿಂಗಸುಗೂರಿನಲ್ಲಿ. ಅಲ್ಲಿನ ತಂಡದ ಮೇಲೆ ಪಂದ್ಯವಿತ್ತು. ನಾವೆಲ್ಲ ಒಂದೇ ಟೆಂಪೋದಲ್ಲಿ ಕುರಿ ತುಂಬಿದ ಹಾಗೆ ತುಂಬಿಕೊಂಡು ಹೋಗಿದ್ದೆವು. ಎರಡೂ ತಂಡದವರು ಗೋಲು ಹೊಡೆಯದೆ ಆಟ ಮುಗಿಯುತ್ತ ಬಂದಿತ್ತು. ನಾನು ಯಥಾಪ್ರಕಾರ ಒದರುತ್ತಲೇ ಇದ್ದೆ. ಅಷ್ಟರಲ್ಲಿ ಎದುರಿನವನೊಬ್ಬನ ಮೊಣಕೈ ನನ್ನ ಹೊಟ್ಟೆಗೆ ಬಡಿಯಿತು. ಕುಸಿದು ಬಿದ್ದೆ. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಕೂಗಬೇಕೆಂದು ಬಾಯಿ ತೆರೆದರೆ ಸದ್ದೇ ಇಲ್ಲ.

ಆ ಕ್ಷಣಕ್ಕೆ ಚೆಂಡು ಭಾಯ್ ಕಾಲಿಗೆ ಬಂತು. ಒಂದು ಒದೆ ಒದ್ದು ದೂರ ಕಳಿಸಿದರೆ ಮುಗಿಯಿತು. ಇಡೀ ತಂಡ "ಹೊಡಿ, ಹೊಡಿ" ಎಂದು ಕಿರುಚುತ್ತಿತ್ತು. ಅವನು ಒದೆಯಲಿಲ್ಲ. ತಲೆ ಎತ್ತಿ, ಏನೋ ಕಳೆದುಕೊಂಡವನ ಹಾಗೆ ನಿಂತ. ಆಮೇಲೆ ಚೆಂಡನ್ನು ಅಲ್ಲೇ ಬಿಟ್ಟು ಎಡಕ್ಕೆ ಓಡಿ ಬಂದ. "ಛೋಟ್ಯಾ! ಎಲ್ಲಿದ್ದೀ ಲೇ? ಮಾತಾಡು ಲೇ!"

ನಾನು ಅಲ್ಲೇ ಬಿದ್ದಿದ್ದೆ. ಬಿಸಿಲು ಚೆನ್ನಾಗಿಯೇ ಇತ್ತು. ಅವನು ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಬೂಟು ಸಿಗುವಷ್ಟು ಹತ್ತಿರದಲ್ಲಿ, ನನ್ನನ್ನು ದಾಟಿ ಹೋದ. ನನ್ನ ಕಡೆಗಿದ್ದ ಅವನ ಎಡಗಣ್ಣು ತೆರೆದೇ ಇತ್ತು. ನನ್ನ ಮೇಲೆಯೇ ಹರಿದಾಡಿತು. ಆ ಕಣ್ಣಿಗೆ ನಾನು ಕಾಣಿಸಲಿಲ್ಲ. ಮುಂದೆ ಹೋಗಿ, ತಿರುಗಿ, ಮತ್ತೆ ಕೂಗಿದ. ಬದುಕಿರುವಾಗಲೇ ನಾನು ಇಲ್ಲವಾಗಿಬಿಟ್ಟೆನೇನೋ ಅನ್ನಿಸಿತು. ನಿಜವಾಗಿ ಹೇಳುತ್ತೇನೆ, ಅಂಥ ಹೆದರಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ವಾಪಸು ಬರುವಾಗ ಅವನ ಬೂಟು ನನ್ನ ಕಾಲಿಗೆ ತಾಗಿತು. ಕೂಡಲೇ ಮಂಡಿಯೂರಿ ಕೂತು, ಪೂರ್ತಿ ಮುಖ ತಿರುಗಿಸಿ, ಬಲಗಣ್ಣಿನಿಂದ ನನ್ನನ್ನು ನೋಡಿದ. ಮೊದಲ ದಿನ ಯಾಕೆ ಹಾಗೆ ಮುಖ ತಿರುಗಿಸಿದ್ದ ಎಂದು ಆಗ ತಿಳಿಯಿತು. ನಮ್ಮ ಹಿಂದೆ ಸೀಟಿ ಊದಿದರು. ಲಿಂಗಸುಗೂರಿನವರು ಗೋಲು ಹೊಡೆದು ಕುಣಿಯುತ್ತಿದ್ದರು. ನಮ್ಮವರು ಭಾಯ್‌ಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು.

"ಗೋಲು ಹೋಗ್ಲಿ ಬಿಡು. ಉಸಿರು ತೊಗೊ. ಮೆಲ್ಲಕ ತೊಗೊ," ಎಂದ ಅವನು.

ವಾಪಸು ಟೆಂಪೋದಲ್ಲಿ ನಾನು ಅವನ ಎಡಕ್ಕೇ ಕೂತೆ. ಉಳಿದವರು ಸಿಟ್ಟಿನಿಂದ ಹಾಡು ಹಾಕಿಕೊಂಡು ಕೂತಿದ್ದರು. ಆ ಗದ್ದಲದಲ್ಲಿ ಅವನೇ ಹೇಳಿದ. ಅವನು ಸಣ್ಣವನಾಗಿದ್ದಾಗ ಒಂದು ಆಟದಲ್ಲಿ ಉಸ್ತಾದರಿಗೆ "ಹಿಂದ ಒಬ್ಬ ಬಂದ ನೋಡ್ರಿ" ಎಂದು ಕೂಗಿದ್ದನಂತೆ. ಕೂಗಿದ್ದು ನಿಜವೇ ಆಗಿತ್ತು, ಗೋಲು ಉಳಿಯಿತು. ಆದರೂ ಬಾಯಿ ಬಿಟ್ಟ ತಪ್ಪಿಗೆ ಗೋಡೆ ನಿಲ್ಲಿಸಿದರು. ಉಸ್ತಾದ್ ಒದ್ದ ಚೆಂಡು ಕಣ್ಣಿಗೇ ಬಡಿಯಿತು. ಹೊರಗೆ ಗಾಯವಿಲ್ಲ. ಮೊದಲು ಮಿಂಚು ಮಿಂಚು ಕಂಡಿತು, ಆಮೇಲೆ ಪರದೆ ಇಳಿದ ಹಾಗಾಯಿತು, ಆಮೇಲೆ ಏನೂ ಇಲ್ಲ. ಮನೆಯಲ್ಲಿ ಆಟ ಬಿಡಿಸುತ್ತಾರೆಂದು ಯಾರಿಗೂ ಹೇಳಲಿಲ್ಲ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ತಡವಾಗಿತ್ತು.

"ಉಸ್ತಾದರಿಗೆ ಗೊತ್ತೈತೇನು?" ಎಂದೆ.

"ನಾ ಹೇಳಿಲ್ಲ."

"ಅವರಿಗೆ ಚಾ ಯಾಕ ಕೊಡ್ತೀ ಮತ್ತ?"

ಅವನು ನಕ್ಕ. "ಚೆಂಡು ಒದಿಯಾಕ ಕಲಿಸಿದವರೂ ಅವರೇ ಅಲ್ಲೇನು. ನೋಡು ಛೋಟ್ಯಾ, ಈ ಮಾತು ಯಾರ ಮುಂದೂ ಆಡಬ್ಯಾಡ. ಗೊತ್ತಾದ್ರ ನಾಳೆನೇ ನನಗೂ ಒಂದು ಕುರ್ಚಿ ಹಾಕ್ತಾರ. ಅಲ್ಲಿ ಕುಂತು ಬದುಕಾಕ ನನ್ನ ಕೈಲಾಗಂಗಿಲ್ಲ."

ನಾನು ಮಾತು ಕೊಟ್ಟೆ. ಅವತ್ತಿನಿಂದ ನನಗೆ ಒಂದೇ ಕೆಲಸ. ಅವನು ಕುರ್ಚಿಗೆ ಹೋಗದಂತೆ ನೋಡಿಕೊಳ್ಳುವುದು. ಮೂಗನಾಗಿದ್ದವನು ಮೈದಾನದಲ್ಲಿ ಉಸಿರಾಡುವುದಕ್ಕಿಂತ ಹೆಚ್ಚು ಮಾತಾಡಿದೆ. ಅವನ ಬೈಕಿನ ಹಿಂದೆ ಕೂತರೂ "ಎಡಕ್ಕ ಟ್ರ್ಯಾಕ್ಟರ್ ಐತಿ ಭಾಯ್, ಎಡಕ್ಕ ಎಮ್ಮಿ ಐತಿ ಭಾಯ್" ಎಂದು ಬಳಗಾನೂರಿನವರೆಗೂ ಹೇಳಿಕೊಂಡು ಹೋದದ್ದಿದೆ. ನನ್ನನ್ನು ನೋಡಿ ತಂಡದ ಉಳಿದ ಸಣ್ಣವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಭಾಯ್ ಯಾರನ್ನೂ ತಡೆಯಲಿಲ್ಲ. ಗೋಡೆ ಎಂಬ ಮಾತೇ ನಮ್ಮಲ್ಲಿ ಮರೆತುಹೋಯಿತು. ಮಸ್ಕಿಯವರು ನಮ್ಮನ್ನು ಕಂಡರೆ "ಬಂದ್ರಪ್ಪ ಸಂತಿ ಮಂದಿ" ಎನ್ನುತ್ತಿದ್ದರು. ಅನ್ನಲಿ. ಕೂದಲು ಅರ್ಧ ಬೆಳ್ಳಗಾಗುವವರೆಗೂ ಭಾಯ್ ಡಿಫೆನ್ಸಿನ ನಡುವೆಯೇ ನಿಂತ. ಅವನಿಗೆ ಒಂದು ಕಣ್ಣಿಲ್ಲವೆಂದು ಮೈದಾನದಲ್ಲಿ ನನ್ನನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಕಾಮಾಲೆ ಬಂದು ಆಸ್ಪತ್ರೆಗೆ ಸೇರಿಸಿದಾಗ ಅವನ ಹಾಸಿಗೆ ಬಲಗಡೆ ಗೋಡೆಗೆ ಒತ್ತಿಕೊಂಡಿತ್ತು. ಇಡೀ ವಾರ್ಡು ಎಡಕ್ಕೆ. ತಲೆ ಹೊರಳಿಸಲೂ ಶಕ್ತಿಯಿರಲಿಲ್ಲ. ಅವನ ಬಲಗಣ್ಣಿಗೆ ಕಂಡದ್ದು ಗೋಡೆಯೊಂದೇ. ಅವನ ಹೆಂಡತಿ ನನಗೆ ಎಡಕ್ಕೆ ಸ್ಟೂಲು ಹಾಕಿ, "ಇವರು ಆ ಬಾಜೂಕ ಯಾರನ್ನೂ ಕೂಡಸಗೊಡಂಗಿಲ್ಲಪ್ಪ. ನಿನ್ನ ದಾರಿ ಕಾಯಾಕತ್ತಿದ್ರು" ಎಂದರು.

"ಮಾತಾಡು ಲೇ," ಎಂದ ಭಾಯ್. ಆ ಗಿರಣಿ ಗಂಟಲು ಎಲ್ಲಿ ಹೋಗಿತ್ತೋ.

ನಾನು ಕಂಡದ್ದು ಹೇಳತೊಡಗಿದೆ. ಎಡಕ್ಕೆ ಒಬ್ಬ ಮುದುಕ ಮೋಸಂಬಿ ಸುಲಿಯುತ್ತಿದ್ದಾನೆ. ಅವನ ಮಗಳು ಬೈಯುತ್ತಿದ್ದಾಳೆ. ಅದರಾಚೆ ಕಿಟಕಿ, ಬೇವಿನ ಮರ, ಮರದ ಕೆಳಗೆ ಒಬ್ಬ ಬೈಕು ಒರೆಸುತ್ತಿದ್ದಾನೆ. ನರ್ಸಮ್ಮ ಬರಾಕತ್ತಾಳ ಭಾಯ್, ಬ್ಯಾರೆ ಕಡಿ ಹೋದ್ಳು. ಈಗ ಬಾಗಿಲ ಖಾಲಿ ಐತಿ. ವಾರ್ಡಿನಲ್ಲಿ ಹೇಳುವುದು ಮುಗಿದ ಮೇಲೆ ಹಳೆಯ ಆಟಗಳನ್ನು ತೆಗೆದೆ. ಮಸ್ಕಿಯ ಮೈದಾನದಲ್ಲಿ ಗುಡ್ಡದ ಕಡೆಯ ಗೋಲು, ಅಲ್ಲಿ ನಾವು ತಡೆದ ಚೆಂಡು, ಎಡಕ್ಕೆ ಬಂದವನು, ನಾನು ಕೂಗಿದ್ದು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸರಿಯುತ್ತ ಹೋಯಿತು. ನಾನು ಮಾತಾಡುತ್ತಲೇ ಇದ್ದೆ.

ಅವನ ಹೆಂಡತಿ ಬಂದು ನನ್ನ ಭುಜ ಮುಟ್ಟಿದರು. "ಸಾಕು ಮಾಡಪ್ಪಾ. ಅವರು ಹೋಗಿಬಿಟ್ರು."

ಅವನು ಯಾವ ಮಾತಿನವರೆಗೆ ಕೇಳಿಸಿಕೊಂಡ ಎಂಬುದು ನನಗೆ ಗೊತ್ತಿಲ್ಲ. ಮೋಸಂಬಿಯ ಮುದುಕನವರೆಗೋ, ಬೇವಿನ ಮರದವರೆಗೋ, ಮಸ್ಕಿಯವರೆಗೋ. ಎಷ್ಟು ಹೊತ್ತು ನಾನು ಯಾರೂ ಇಲ್ಲದ ಕಡೆಗೆ ಮಾತಾಡಿದೆನೋ. ಇದೇ ನನ್ನನ್ನು ಬಿಡದೆ ಕಾಡುವುದು. ಅಂಗಡಿಯಲ್ಲಿ ಕೂತು ಗೊಬ್ಬರದ ರೇಟು ಹೇಳುವಾಗಲೂ ಬಲಗಿವಿಯ ಹತ್ತಿರ "ಮಾತಾಡು ಲೇ" ಎಂದು ಕೇಳಿಸುತ್ತದೆ. ತಿರುಗಿ ನೋಡುತ್ತೇನೆ. ಗಿರಾಕಿ ನನ್ನ ಮುಖ ನೋಡುತ್ತಾನೆ.

ಮಯ್ಯತ್ತಿನ ದಿನ ಅವನ ಶವಕ್ಕೆ ಹೆಗಲು ಕೊಡುವಾಗ ಯಾರೋ ನನ್ನನ್ನು ಬಲಕ್ಕೆ ತಳ್ಳಿದರು. ನಾನು ಸುತ್ತಿಕೊಂಡು ಬಂದು ಎಡಕ್ಕೆ ಹೆಗಲು ಕೊಟ್ಟೆ. ಮಣ್ಣು ಹಾಕಿ ಬಂದ ಮೇಲೆ ಉಸ್ತಾದ್ ನನ್ನ ಹತ್ತಿರ ಬಂದರು. ತೀರಾ ಮುದುಕರಾಗಿದ್ದರು, ಕೋಲು ಹಿಡಿದಿದ್ದರು. "ಅವ ನಿನ್ನ ಮುಂದ ನನ್ನ ಮಾತು ಏನಾರ ಹೇಳಿದ್ನೇನು?" ಎಂದು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲವನ್ನೂ ಅವರ ಮುಖದ ಮೇಲೆ ಹೇಳಿಬಿಡಬೇಕೆಂದು ನಾಲಿಗೆಯವರೆಗೂ ಬಂತು. ಕೊಟ್ಟ ಮಾತು ನೆನಪಾಯಿತು. "ಚೆಂಡು ಒದಿಯಾಕ ಕಲಿಸಿದವರು ಅಂತ ಹೇಳಿದ್ದ ರೀ" ಎಂದೆ. ಉಸ್ತಾದ್ ಕೋಲಿನ ಮೇಲೆ ಎರಡೂ ಕೈ ಇಟ್ಟು ಅಲ್ಲೇ ನಿಂತರು. ಆಮೇಲೆ ಅವರು ಮೈದಾನಕ್ಕೆ ಬರಲಿಲ್ಲ.

ಈಗ ಭಾಯ್ ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಲ್ಲುತ್ತೇನೆ. ನನ್ನ ಎಡಕ್ಕೆ ಒಬ್ಬ ಕಾಲೇಜು ಹುಡುಗ. ನನಗೆ ಎರಡೂ ಕಣ್ಣು ಸರಿಯಾಗಿವೆ, ಅವನು ಹೇಳಬೇಕಾದ ಅಗತ್ಯವಿಲ್ಲ. ಆದರೂ ಹೇಳಿಸುತ್ತೇನೆ, ನಾನೂ ಹೇಳುತ್ತೇನೆ. ಸಂತೆಯೇ ಸರಿ. ಯಾಕೆಂದು ಅವನಿಗೆ ಯಾವತ್ತೂ ತಿಳಿಸಿಲ್ಲ.

ಕಳೆದ ಬೇಸಿಗೆ ಮಸ್ಕಿಯಲ್ಲಿ ಆಡುತ್ತಿದ್ದೆವು. ಅಲ್ಲಿ ಗುಡ್ಡದ ಕಡೆಯ ಗೋಲಿನ ಹತ್ತಿರ ನಿಂತು ಕೂಗಿದರೆ ಬಂಡೆಗೆ ಬಡಿದು ದನಿ ಹಿಂದಿರುಗುತ್ತದೆ. "ಎಡಕ್ಕ ಖಾಲಿ ಐತಿ" ಎಂದು ನಾನು ಕೂಗಿದೆ. ಮರಳಿ ಬಂದ ದನಿ ನನ್ನದಾಗಿರಲಿಲ್ಲ. ಗಿರಣಿಯ ಗಂಟಲು ಅದು. ಒಂದು ಹುಚ್ಚು ಆಸೆ ಬಂತು. ನಾನು ಸುಮ್ಮನಾದರೆ ಏನಾಗುತ್ತದೆ? ಲಿಂಗಸುಗೂರಿನಲ್ಲಿ ನನ್ನ ಬಾಯಿ ನಿಂತಾಗ ಅವನು ಚೆಂಡು ಬಿಟ್ಟು ಹುಡುಕಿಕೊಂಡು ಬಂದಿದ್ದ. ಇವತ್ತೂ ಬಾಯಿ ನಿಂತರೆ ಬರುತ್ತಾನೇನೋ. ನಾನು ಬಾಯಿ ಮುಚ್ಚಿದೆ. ಬಂಡೆಯ ಕಡೆ ತಿರುಗಿ ನಿಂತುಬಿಟ್ಟೆ.

ಯಾರೋ ಓಡಿ ಬರುತ್ತಿರುವ ಸದ್ದು ಕೇಳಿಸಿತು. "ಎಲ್ಲಿ ನೋಡಾಕತ್ತೀ? ಯಾಕ ಸುಮ್ನಾದೀ ಅಣ್ಣಾ?"

ಎಡಗಡೆಯ ಹುಡುಗ. ಚೆಂಡು ಅವನ ಕಾಲಿನಲ್ಲಿತ್ತಂತೆ, ಅದನ್ನು ಅಲ್ಲೇ ಬಿಟ್ಟು ಬಂದಿದ್ದ. ಮಸ್ಕಿಯವರು ಅದನ್ನು ಎತ್ತಿಕೊಂಡು ಹೋಗಿ ನಮ್ಮ ಗೋಲಿಗೆ ಹೊಡೆದರು. ಸೀಟಿ ಊದಿದರು. ನಮ್ಮವರ ಬೈಗುಳ ಶುರುವಾಯಿತು. ಹುಡುಗ ಹಿಂದಿರುಗಿ ಗೋಲನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಮುಖ ಬಾಡಿತ್ತು. ಅಣ್ಣ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಿರಬೇಕು. ಆದರೂ ಕದಲಲಿಲ್ಲ.

"ಗೋಲು ಹೋಗ್ಲಿ ಬಿಡು," ಎಂದು ಹೇಳಬೇಕೆಂದೆ. ಸದ್ದು ಹೊರಡಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಅವನು ನನ್ನ ತೋಳು ಹಿಡಿದು ಅಲುಗಿಸಿದ. "ಮಾತಾಡಣ್ಣ. ಅಂಜಿಕಿ ಬರ್ತೈತಿ, ಮಾತಾಡು."

"ಎಡಕ್ಕ..." ಎಂದೆ. ಇಷ್ಟು ದಿನ ಹೇಳಿ ರೂಢಿಯಾದ ಮಾತೇ ಬಾಯಿಗೆ ಬಂದಿತ್ತು. ಅದನ್ನು ನುಂಗಿ ಅವನ ಮುಖ ನೋಡಿದೆ. "ಎಡಕ್ಕ ನೀ ಅದೀ."

"ಹೂನಣ್ಣ, ಅದೀನಿ," ಎಂದ ಅವನು. ಇಬ್ಬರೂ ನಡೆದು ಹೋಗಿ ನಮ್ಮ ನಮ್ಮ ಜಾಗದಲ್ಲಿ ನಿಂತೆವು.